ಬೆನ್ನು ಉಜ್ಜದ ಹಿತ್ತಾಳೆ ಗುಂಡಿ

ಗದಗ
ಖಂಡೇನವಮಿಯ ಮರುದಿನ, ೨೧೯೭

ನಮ್ಮ ಮನೆತನದ ಹಿಂದಿನ ಹೆಣ್ಣುಮಕ್ಕಳಿಗೆ ಗುರುಬಸವ್ವನ ಶರಣಾರ್ಥಿ.

ನಿಮ್ಮ ಲೆಕ್ಕಕ್ಕೆ ನಾನಿನ್ನೂ ಹುಟ್ಟಿಲ್ಲ, ಆದರೂ ನನಗೆ ಐವತ್ತು ತುಂಬಿದೆ. ಹಳ್ಳಿಯ ಶಾಲೆಯಲ್ಲಿ ಕಲಿತವಳು. ನನ್ನ ಮಾತು ವಿಚಿತ್ರ ಎನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈಗ ನಮ್ಮೂರಿಗೆ ಬರುವುದು ತೇಲುಬಂಡಿ. ಅದಕ್ಕೆ ಗಾಲಿಯಿಲ್ಲ, ಸದ್ದಿಲ್ಲ, ಹಸಿರು ಬಾವುಟ ತೋರಿಸುವವರೂ ಇಲ್ಲ. ಅಂಗಿಗಳಿಗೆ ಗುಂಡಿಯಿಲ್ಲ, ಬಟ್ಟೆ ತಾನೇ ಮುಚ್ಚಿಕೊಳ್ಳುತ್ತದೆ. ಗುಂಡಿ ಎಂದರೇನು ಎಂದು ಮಕ್ಕಳು ಕೇಳಿದಾಗ ನನ್ನ ಮರದ ಪೆಟ್ಟಿಗೆ ತೆರೆಯುತ್ತೇನೆ. ಹಳೆಯ ರೈಲ್ವೆ ಸಮವಸ್ತ್ರದ ಹದಿನೇಳು ಗುಂಡಿಗಳು ಅದರಲ್ಲಿವೆ. ಹದಿನಾರನ್ನು ಮೂವತ್ತು ವರ್ಷ ಊರೂರು ತಿರುಗಿ ಕೂಡಿಸಿದೆ. ಗುಂಡಿಯ ಮೇಲೆ ಎಸ್.ಎಂ.ಆರ್. ಎಂದಿದ್ದರೆ ಸದರ್ನ್ ಮರಾಠಾ ರೈಲ್ವೆಯ ಕಾಲದ್ದು. ೧೯೦೮ರಲ್ಲಿ ಮದ್ರಾಸಿನ ಕಂಪನಿ ಕೂಡಿದ ಮೇಲೆ ಆ ಅಕ್ಷರಗಳ ಮೊದಲಿಗೆ ಇನ್ನೊಂದು ಎಂ. ಸೇರಿತು. ದೊಡ್ಡದು ಎದೆಯದು, ಸಣ್ಣದು ತೋಳಿನದು. ಅಕ್ಷರ ನೋಡಿ ಕಾಲ ಹೇಳುವವಳು ಈ ಊರಿಗೆ ನಾನೊಬ್ಬಳೇ. ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ, ಶಿವ ಕ್ಷಮಿಸಲಿ.

ಹದಿನೇಳನೆಯದು ನಿಮ್ಮಿಂದ ಬಂದದ್ದು: ಗದಗ ಜಂಕ್ಷನ್ನಿನಲ್ಲಿ ಬಂಡಿಗೆ ಹಳಿ ತಿರುಗಿಸಿ ಕೊಡುತ್ತಿದ್ದ ನಮ್ಮ ಕಲ್ಲಪ್ಪಜ್ಜನ ಕೋಟಿನದು. ಅದರ ಮೇಲೆ ಒಂದಕ್ಷರವೂ ಉಳಿದಿಲ್ಲ. ಪ್ರತಿ ಖಂಡೇನವಮಿಗೆ ಆಯುಧಗಳ ಜೊತೆ ಇದಕ್ಕೂ ಹುಣಸೆಹಣ್ಣು, ಬೂದಿ ಹಚ್ಚಿ ಉಜ್ಜಿ, ವಿಭೂತಿ ಇಟ್ಟು ಪೂಜೆ ಮಾಡಿದಿರಿ. ಭಕ್ತಿಯಿಂದಲೇ ಸವೆಸಿದಿರಿ. ಚಿಕ್ಕವಳಿದ್ದಾಗ ನಾನೂ ಉಜ್ಜಿದ್ದೇನೆ.

ಈ ವರ್ಷ ನಿಲ್ದಾಣದಲ್ಲಿ ನೆನಪುಮನೆ ತೆರೆದರು. ನೀವು ಮ್ಯೂಸಿಯಂ ಅನ್ನುತ್ತೀರಿ. ಹಿಂದೆ ಅಲ್ಲಿ ದುಡಿದವರ ಹೆಸರನ್ನು ಗೋಡೆಗೆ ಕೆತ್ತುತ್ತಾರೆ, ಆದರೆ ಒಂದು ಗುರುತು ತೋರಿಸಬೇಕು. ಅಜ್ಜನ ಕಾಗದಪತ್ರ ಯಾವುದೂ ಇಲ್ಲ. ಇದ್ದದ್ದು ಗುಂಡಿ ಒಂದೇ. ಅದರ ಸವೆದ ಮುಖ ನೋಡಿ ಮೇಲ್ವಿಚಾರಕ ನೇಮಿನಾಥ ಹಂಜಿ ನಕ್ಕುಬಿಟ್ಟ.

"ಅವ್ವಾರ, ಇದಕ್ಕ ಮಾರಿನ ಇಲ್ಲಲ್ರೀ! ಬ್ಯಾಂಡಿನವರ ಕೋಟಿಂದೂ ಇರಬಹುದು."

"ಮಾರಿ ಹೋದ್ರ ಹೋತು, ಬೆನ್ನರ ನೋಡಪಾ," ಎಂದು ಮಗುಚಿ ಇಟ್ಟೆ.

ಬೆನ್ನನ್ನು ಯಾರೂ ಉಜ್ಜಿರಲಿಲ್ಲ. ಕಪ್ಪು ಕಿಲುಬಿನ ನಡುವೆ ತಯಾರಿಸಿದವರ ಹೆಸರು, ಹೊಲಿಯುವ ಕೊಂಡಿ ಎರಡೂ ಗಟ್ಟಿಯಾಗಿದ್ದವು. ಪಕ್ಕದಲ್ಲಿ ನನ್ನ ಎಸ್.ಎಂ.ಆರ್. ಗುಂಡಿಯನ್ನು ಬೋರಲು ಇಟ್ಟೆ. ಅವನು ಭೂತಗನ್ನಡಿ ಹಿಡಿದು ಬಹಳ ಹೊತ್ತು ತಾಳೆ ನೋಡಿದ.

"ಅಚ್ಚು ಒಂದ ಐತಿ ಬಿಡ್ರೀ," ಎಂದ. ಈ ಸಲ ನಗಲಿಲ್ಲ.

ನಿನ್ನೆ ಕಲ್ಲಪ್ಪಜ್ಜನ ಹೆಸರು ಗೋಡೆ ಏರಿತು. ನಾನೇ ಹೂ ಹಾಕಿದೆ.

ಈ ಪತ್ರ ಮುಟ್ಟಿದರೆ ಒಂದು ಮಾತು ನಡೆಸಿಕೊಡಿ: ಹುಣಸೆಹಣ್ಣು ಸಾರಿಗಿರಲಿ, ಗುಂಡಿಗೆ ಬೇಡ. ಆದರೆ ಪೂಜೆ ಬಿಡಬೇಡಿ. ಅಕ್ಷರ ಇರುವ ನನ್ನ ಹದಿನಾರು ಗುಂಡಿಗಳನ್ನು ಯಾರು ತೊಟ್ಟಿದ್ದರೋ ಶಿವನೇ ಬಲ್ಲ. ಅಕ್ಷರ ಅಳಿದ ಈ ಒಂದನ್ನು ತೊಟ್ಟವರು ಯಾರೆಂದು ನನಗೆ ಗೊತ್ತು. ಉಜ್ಜುವಾಗ ವರ್ಷವರ್ಷವೂ ನೀವು ಅವರ ಹೆಸರು ಹೇಳಿದಿರಿ.