ಸಾಲಿನ ಎರಡನೆಯ ಜೀನ್

ನವೆಂಬರ್ 4, ಸೋಮವಾರ

ಲ್ಯಾಬಿಗೆ ಬಂದವಳೇ ತಟ್ಟೆ ನೋಡಿದೆ. ಸಕ್ಕರೆ ಇಲ್ಲದ್ದರಲ್ಲಿ ಬ್ಯಾಕ್ಟೀರಿಯಾ ದಂಡಿಯಾಗಿ ಬೆಳೆದಿವೆ. ಸಕ್ಕರೆ ಹಾಕಿದರೆ ನಾನು ಅಧ್ಯಯನ ಮಾಡುವ ಅವುಗಳ ಜೀನ್ ಆಫ್ — ಆ ತಟ್ಟೆ ಖಾಲಿ. ಮೂರು ವರ್ಷದಿಂದ ಇದೇ. ಈ ಜೀನ್ ಇಲ್ಲದೆ ಅವು ಬದುಕವು ಎನ್ನುವುದೇ ನನ್ನ ಪಿಎಚ್‌ಡಿ.

ಪೇಪರ್ ಕಳಿಸುವ ಮೊದಲು ಬಾಸ್ ಮಾರ್ಲಿಸ್ ಇನ್ನೊಂದು ಪರೀಕ್ಷೆ ಕೇಳಿದ್ದಾರೆ. ಸಕ್ಕರೆಗೆ ಆಫ್ ಆಗದಂಥ, ಅದೇ ಜೀನ್‌ನ ಇನ್ನೊಂದು ಪ್ರತಿಯನ್ನು ಬೇರೆ ಕಡೆಯಿಂದ ಸೇರಿಸಬೇಕು. ಆಗ ಸಕ್ಕರೆಯಲ್ಲೂ ಬದುಕಬೇಕು. ಬರೀ ಶಾಸ್ತ್ರಕ್ಕೆ.

ಪಕ್ಕದ ಬೆಂಚಿನ ವೆಂಡೆಲ್‌ಗೆ ಚೀಸ್ ಕಾರ್ಖಾನೆಯಿಂದ ಕೆಲಸಕ್ಕೆ ಕರೆ ಬಂದಿದೆ. ಹದಿನೈದನೇ ತಾರೀಕಿನೊಳಗೆ ಉತ್ತರ ಹೇಳಬೇಕಂತೆ. ಅವನದು ಡಿಎನ್‌ಎಯ ಸಾಲಿನಲ್ಲಿ ನನ್ನ ಜೀನ್‌ನ ಹಿಂದೆಯೇ ಇರುವ ಜೀನ್. ನನ್ನದು ಗೆದ್ದ ಮೇಲೆ ಮಾರ್ಲಿಸ್ ಅದನ್ನು ಕೈಬಿಟ್ಟರು.

"ಹೋಗ್ಲೇಬೇಕಾ?" ಅಂದೆ.

"ಇಲ್ಲಿದ್ದು ನಿನ್ನ ತಟ್ಟೆ ತೊಳೀಲಾ? ಅಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ್ರೆ ಸಂಬಳ ಆದ್ರೂ ಕೊಡ್ತಾರೆ ಕಣೆ."

ನವೆಂಬರ್ 12, ಮಂಗಳವಾರ, ಬೆಳಿಗ್ಗೆ 8:30

ನನ್ನ ಜೀನ್ ವಾಪಸ್ ಕೊಟ್ಟರೂ ಸತ್ತಿವೆ. ಮೂರಕ್ಕೆ ಮೂರೂ ತಟ್ಟೆ ಖಾಲಿ.

ಹೋಲಿಕೆಗೆ ಇರಲಿ ಎಂದು ನಾಲ್ಕನೆಯ ತಟ್ಟೆಗೆ ವೆಂಡೆಲ್‌ನ ಜೀನ್ ಸೇರಿಸಿದ್ದೆ. ಅದರ ತುಂಬ ಬೆಳೆದಿವೆ...

ಸಾಲಿನಲ್ಲಿ ಮುಂದಿನದನ್ನು ತಡೆದರೆ ಹಿಂದಿನದೂ ನಿಲ್ಲುತ್ತದೆ. ಮೊದಲ ವರ್ಷದವರಿಗೆ ನಾನೇ ಪಾಠ ಮಾಡಿದ್ದೇನೆ. ಅವು ಸಾಯುತ್ತಿದ್ದುದು ನನ್ನದು ಇಲ್ಲದೆ ಅಲ್ಲ, ಅವನದು ಇಲ್ಲದೆ.

ಗುರುವಾರ ನನ್ನ ಸೆಮಿನಾರ್. ಅವನಿಗೆ ಶುಕ್ರವಾರದವರೆಗೆ ಸಮಯವಿದೆ. ಸೆಮಿನಾರ್ ಮುಗಿಯಲಿ, ಹೇಳುತ್ತೇನೆ. ತಟ್ಟೆಗಳನ್ನು ಫ್ರಿಜ್ಜಿನಲ್ಲಿ ಹಿಂದಕ್ಕೆ ತಳ್ಳಿದೆ.

ನವೆಂಬರ್ 14, ಗುರುವಾರ

ಸೆಮಿನಾರ್ ಆಯಿತು. ಹಳೆಯ ಸ್ಲೈಡ್‌ಗಳನ್ನೇ ತೋರಿಸಿದೆ. ಪ್ರಶ್ನೆಗಳ ಹೊತ್ತಿನಲ್ಲಿ ಹೊಸ ಪರೀಕ್ಷೆಯ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ಮಾರ್ಲಿಸ್ ಬೆನ್ನು ತಟ್ಟಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ವೆಂಡೆಲ್. ನನ್ನ ಮೇಲೆ ನನಗೇ ಅಸಹ್ಯ.

ನವೆಂಬರ್ 15, ಶುಕ್ರವಾರ, ಬೆಳಿಗ್ಗೆ 10

ತಟ್ಟೆಗಳನ್ನು ಅವನ ಮುಂದೆ ಇಟ್ಟು ಎಲ್ಲ ಹೇಳಿದೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ.

"ಹಾಗಾದ್ರೆ ನಂದೇ," ಅಂದ. ಅಷ್ಟು ಖುಷಿಯಲ್ಲಿ ಅವನನ್ನು ನೋಡಿ ಎಷ್ಟು ಕಾಲವಾಗಿತ್ತೋ. ಆಮೇಲೆ, "ಯಾವಾಗ ಗೊತ್ತಾಯ್ತು?"

"ಮಂಗಳವಾರ."

ತಟ್ಟೆ ಕೆಳಗಿಟ್ಟ. "ನಾನು ಬುಧವಾರ ಒಪ್ಕೊಂಡೆ, ಸಿಗ್ರಿಡ್. ಪಿಎಚ್‌ಡಿ ಬಿಡ್ತೀನಿ ಅಂತ ಆಫೀಸಿಗೂ ಸಹಿ ಹಾಕಿ ಕೊಟ್ಟೆ."

ಶುಕ್ರವಾರದವರೆಗೆ ಇದೆ ಅಂತ ನೀನೇ ಹೇಳಿದ್ದೆಯಲ್ಲ — ಅನ್ನಲು ಹೊರಟು ಬಾಯಿ ಮುಚ್ಚಿದೆ. ಬುಧವಾರ ಇಡೀ ದಿನ ಅವನ ಪಕ್ಕದಲ್ಲೇ ಕೂತು ಸ್ಲೈಡ್‌ಗೆ ಬಣ್ಣ ಹಚ್ಚುತ್ತಿದ್ದೆ. ಮಧ್ಯಾಹ್ನ ಯಾವುದೋ ಕಾಗದ ಹಿಡಿದು ಬಂದು ಪೆನ್ನು ಕೇಳಿದ. ತಲೆ ಎತ್ತದೆ ನಾನೇ ಕೊಟ್ಟೆ.