ಉಪ್ಪುನೀರಿನ ತೊಟ್ಟಿ ತೊಳೀಬ್ಯಾಡ್ರಿ

ಕೊಟ್ಟೂರು, ಸೋಮವಾರ

ಮಳಿಗಿ ಮಾಲೀಕರಾದ ಕೊಟ್ರಸ್ವಾಮಿ ಅವರಿಗೆ ಮೈಲಮ್ಮನ ನಮಸ್ಕಾರ.

ನಾನು ಊರಿಗೆ ಹೋದಾಗ ನೀವು ನನ್ನ ಸಾಕುಮೀನಿನ ಅಂಗಡಿ ಬಾಗಿಲು ತೆಗೆದು, ಉಪ್ಪುನೀರಿನ ಗಾಜಿನ ತೊಟ್ಟ್ಯಾಗಿದ್ದ ಸಿಗಡಿ ಎಸೆದು, ಕಲ್ಲೆಲ್ಲ ಕುದಿನೀರಾಗ ತೊಳೆದು, ಗಾಜಿಗೆ ವಿಭೂತಿ ಹಚ್ಚೀರಿ. ನಿಮ್ಮ ಮಳಿಗ್ಯಾಗ ಮಾಂಸ ಬಂತು ಅಂತ ಸಿಟ್ಟು, ತಿಳೀತೈತಿ. ಆದ್ರ ಅದು ತಿನ್ನಾಕ ತಂದಿದ್ದಲ್ರಿ, ಕೊಳೀಲಿ ಅಂತ ಹಾಕಿದ್ದು.

ಹಸಿ ಸಗಣಿ ಹಾಕಿದ್ರ ಬೆಳಿ ಸುಡತೈತಿ, ತಿಪ್ಪ್ಯಾಗ ಕೊಳೆತ ಮ್ಯಾಲನ ಗೊಬ್ಬರ ಅಂತ ನೀವ ಹೇಳ್ತೀರಲ್ಲ? ತೊಟ್ಟಿನೂ ಹಂಗ. ಕೊಳೆತದ್ದರಿಂದ ಅಮೋನಿಯಾ ಹುಟ್ಟತೈತಿ, ಅದು ಮೀನಿಗೆ ವಿಷ. ಆದ್ರ ಅದನ್ನ ತಿಂದ ಕಲ್ಲಿನ ಮ್ಯಾಲ ಸೂಕ್ಷ್ಮಜೀವಿಗಳು ಬೆಳೀತಾವ, ಅದನ್ನ ನೈಟ್ರೈಟ್ ಮಾಡ್ತಾವ, ಅದೂ ವಿಷನ. ಇನ್ನೊಂದು ಜಾತಿಯವು ಅದನ್ನ ನೈಟ್ರೇಟ್ ಮಾಡಿದ ಮ್ಯಾಲನ ಮೀನು ಬದುಕ್ತಾವ. ಆ ಜೀವಿಗಳೆಲ್ಲ ನಿಮ್ಮ ಕುದಿನೀರಿಗೆ ಸತ್ತವು.

ಮತ್ತ ಶುರು ಮಾಡೀನಿ. ನಿಮ್ಮ ಮಾತಿಗೆ ಬೆಲೆ ಕೊಟ್ಟು ಈ ಸಲ ಸಿಗಡಿ ಬಿಟ್ಟು ಮೀನಿಗೆ ತಿನ್ನಾಕ ಕೊಡೋ ಕಾಳು ಕೊಳಿಯಾಕ ಹಾಕೀನಿ. ಅದನ್ನ ಯಾತರಿಂದ ಮಾಡ್ತಾರ ಅಂತ ಮಾತ್ರ ಕೇಳಬ್ಯಾಡ್ರಿ. ನಾತ ಬಂದ್ರ ತಡಕೊಳ್ರಿ. ವಿಭೂತಿ ಅಳಿಸಿಲ್ಲ. ಮೊದಲ ಮೀನು ನಿಮ್ಮ ಕೈಲೇ ಬಿಡಸ್ತೀನಿ.

ಅಲ್ಲಿತನಕ ಅಂಗಡಿ ಕೀಲಿ ಬದಲಿಸೀನಿ. ಹೊಸ ಕೀಲಿಕೈ ನನ್ನ ಕೊರಳಾಗ ಐತಿ.

ನಿಮ್ಮ ಬಾಡಿಗಿದಾರಳು,
ಮೈಲಮ್ಮ