ನಾಲ್ಕು ಕಾಲಮ್ಮಿನಲ್ಲಿ ಜ್ಯೂಲಿಯ ಬಡಿತ

೮ ಫೆಬ್ರುವರಿ ೨೦೨೫, ಶನಿವಾರ, ಬೆಳಿಗ್ಗೆ ೯

ಅಂಗಡಿ ತೆಗೆದು ಮತ್ತೆ ಅದೇ ಕೆಲಸ. ಎರಡು ಮೊಬೈಲ್ ರಿಪೇರಿಗೆ ಬಿದ್ದಿವೆ. ಬಿದ್ದಿರಲಿ. ಹಾಡಿನ ಸ್ವರ ಬರೆದಿಟ್ಟ ಮಿಡಿ ಫೈಲಿನಲ್ಲಿ ಹದಿನೆಂಟು ವಾದ್ಯ. ಹಾಡು ಕಟ್ಟುವ ಹಳೆಯ ಸಾಫ್ಟ್‌ವೇರು ಟ್ರ್ಯಾಕರಿನಲ್ಲಿ ನಾಲ್ಕೇ ಕಾಲಂ, ಕಾಲಮ್ಮಿಗೆ ಒಂದೇ ವಾದ್ಯ. ಹದಿನಾಲ್ಕನ್ನು ಬಿಸಾಕಬೇಕು…

೨೦೦೧ರಲ್ಲಿ ಅಂಬಿಕಾನಗರದ ಕ್ಲಬ್ಬಿನ ಕಂಪ್ಯೂಟರಿನಲ್ಲಿ ಈ ಹಾಡು ಕಟ್ಟಿದವರು ನಾನು ಮತ್ತು ಗೆಳತಿ ಜ್ಯೂಲಿ. ಒಂಬತ್ತನೇ ಕ್ಲಾಸು. ಪರದೆ ಮೇಲೆ ಅಂಕಿಗಳು ಸರಸರ ಇಳಿಯುತ್ತಿದ್ದವು, ಕೀಂ ಕೀಂ ಸದ್ದು. ರಾಗ ನನ್ನದು. ಟೇಬಲ್ ಬಡಿದು ಹಾಡುವವಳು ಅವಳು. ಅಯ್ಯೋ, ಎಂಥ ಖುಷಿ! ಫ್ಲಾಪಿ ಎಲ್ಲಿ ಹಾಳಾಯಿತೋ. ನೆನಪಿನಿಂದಲೇ ಹೊಸ ಸಾಫ್ಟ್‌ವೇರಿನಲ್ಲಿ ಮತ್ತೆ ಕಟ್ಟಿದ್ದೇನೆ.

ಎರಡು ವರ್ಷದ ಹಿಂದೆ ಜ್ವರ ಬಂದು ಜ್ಯೂಲಿಯ ಕಿವಿ ಹೋಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್, ಕಿವಿಯೊಳಗೆ ಮಷೀನು. ಮಾತು ತಿಳಿಯುತ್ತದೆ. ಹಾಡು ಬರೀ ಗದ್ದಲ. ಹಾಡುವುದನ್ನೇ ಬಿಟ್ಟಿದ್ದಾಳೆ. ವಾದ್ಯ ಕಡಿಮೆಯಾದರೆ ತಿಳಿದೀತು ಎಂದು ಆಸೆ.

೧೧ ಫೆಬ್ರುವರಿ, ಮಂಗಳವಾರ

ಜ್ಯೂಲಿ ತನ್ನ ಊರು ಸಾಂಬ್ರಾಣಿಯಿಂದ ಬಂದಳು. ಸ್ಪೀಕರಿನಲ್ಲಿ ಹಾಡು ಹಾಕಿದೆ. ಮುಖ ಗಂಟಿಕ್ಕಿದಳು.

“ಏನೋ ಕಿರಿಕಿರಿ ಅಂತೈತಿ, ಮಾಲ್ಯಾ. ಯಾವ ಹಾಡಿದು?”

“ನಮ್ಮದ! ಕ್ಲಬ್ಬಿಂದು!”

“ಹಂಗಾರ ನನ್ನ ಬಡಿತ ಎಲ್ಲೈತಿ?”

ಪರದೆ ನೋಡಿದೆ. ನಾಲ್ಕೂ ಕಾಲಮ್ಮಿಗೆ ನನ್ನ ರಾಗ, ರಾಗದ ಕುಸುರಿ ತುಂಬಿದ್ದೆ. ಬಡಿತವನ್ನೇ ಬಿಸಾಕಿದ್ದೆ.

“ಸಾಕು ಬಿಡೋ. ನನ್ನ ಪಾಲಿಗೆ ಹಾಡು ಮುಗೀತು. ಇನ್ನ ಕರೀಬ್ಯಾಡ.”

ಚಹಾ ಸಹ ಕುಡಿಯದೆ ಬಸ್‌ಸ್ಟ್ಯಾಂಡಿಗೆ ಹೋದಳು. ಹೊಟ್ಟೆಕಿಚ್ಚಿನ ಕತ್ತೆ ನಾನು. ಮೂವತ್ತೆಂಟಾದರೂ ನನ್ನ ರಾಗವೇ ಮೇಲೆ ಇರಬೇಕು.

೨ ಮಾರ್ಚ್, ಭಾನುವಾರ

ಸಾಂಬ್ರಾಣಿಗೆ ಹೋದೆ. ಬಾಗಿಲಲ್ಲೇ ತಡೆದಳು.

“ಮತ್ಯಾಕ ಬಂದಿ?”

“ಹಾಡು ಕೇಳ್ಸಾಕಲ್ಲ. ನಿನ್ನ ಬಡಿತ ರೆಕಾರ್ಡ್ ಮಾಡಾಕ.”

“ನಿನ್ನ ತಲಿ ಮ್ಯಾಲ ಬಡೀಲೇನು?” ಎಂದಳು. ಆಮೇಲೆ ನಕ್ಕಳು. ಟೇಬಲ್ಲಿಗೆ ಅಂಗೈಯಿಂದ ಒಂದು, ಬೆರಳಿಂದ ಒಂದು, ಗೆಣ್ಣಿನಿಂದ ಒಂದು. ಮೊಬೈಲಿನಲ್ಲಿ ಹಿಡಿದೆ. ಇಂಥ ತುಣುಕು ಸದ್ದು ಕೊಟ್ಟರೆ ಸಾಕು, ಟ್ರ್ಯಾಕರ್ ಅದನ್ನೇ ನುಡಿಸುತ್ತದೆ.

೯ ಮಾರ್ಚ್, ಭಾನುವಾರ, ಸಂಜೆ

ಮೂರು ಕಾಲಂ ಅವಳಿಗೆ, ನನ್ನ ರಾಗಕ್ಕೆ ಒಂದು. ಕುಸುರಿಯನ್ನು ಅಳಿಸಿ, ವಾಪಸ್ ತಂದು, ಮತ್ತೆ ಅಳಿಸಿದೆ — ಸುಳ್ಳೇಕೆ.

ಅವಳ ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟು ಹಾಕಿದೆ. ಎರಡನೇ ಸುತ್ತಿಗೆ ಅವಳ ಬೆರಳು ಆಡತೊಡಗಿದವು.

“ತಡಿ… ಇಲ್ಲೇ ನಾ ಹಾಡು ಎತ್ತತಿದ್ನಿ.”

“ಹೂಂ.”

“ರಾಗ ತಿಳೀವಲ್ದು. ಜಾಗ ತಿಳೀತು.”

ಹಾಡಿಯೇಬಿಟ್ಟಳು. ತಾಳ ಎಳ್ಳಷ್ಟೂ ತಪ್ಪಲಿಲ್ಲ. ಸ್ವರ ಮಾತ್ರ ಎಲ್ಲೋ, ನನ್ನ ರಾಗ ಎಲ್ಲೋ.

“ಸ್ವರ ಕೂಡಿತೇನೋ?”

ನನ್ನ ರಾಗದ ಕಾಲಂ ಬಂದ್ ಮಾಡಿದೆ. ಬಡಿತವಷ್ಟೇ ಉಳಿಯಿತು.

“ಇನ್ನೊಮ್ಮೆ ಹಾಡು,” ಎಂದೆ.

ಕಣ್ಣು ಮುಚ್ಚಿ ಎತ್ತಿಕೊಂಡಳು. ಈ ಸಲ ಅವಳ ಸ್ವರ ತಪ್ಪಲು ಎದುರಿಗೆ ನನ್ನ ರಾಗವೇ ಇರಲಿಲ್ಲ.